ಸೋರದ ಎಣ್ಣೆಯ ಕಲೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಹೊರಡಬೇಕೆಂದು ನಿಶ್ಚಯಿಸಿದ್ದೆ. ಹೊರಟದ್ದು ಏಳು ಹತ್ತಕ್ಕೆ. ತಪ್ಪು ನನ್ನದಲ್ಲ. ತುಮಕೂರಿನ ಶಿರಾ ಗೇಟ್ ಬಳಿ ನನ್ನ ಪೆಟ್ಟಿಗೆಯನ್ನು ನೋಡಿದ ಇಬ್ಬರು ಆಟೋದವರು ತಲೆಯಾಡಿಸಿ ಮುಂದೆ ಹೋದರು. ಮೂರನೆಯವನು ಅದನ್ನು ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಇಟ್ಟು, ನನ್ನನ್ನು ತನ್ನ ಪಕ್ಕದಲ್ಲಿ ಅರ್ಧ ಹೊರಗೆ ಕೂರಿಸಿಕೊಂಡು, ಬಸ್ ನಿಲ್ದಾಣದವರೆಗೆ ಎಂಬತ್ತು ರೂಪಾಯಿ ತೆಗೆದುಕೊಂಡ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಚಳಿ ಇನ್ನೂ ಬಿಟ್ಟಿರಲಿಲ್ಲ.

ಪೆಟ್ಟಿಗೆ ನಾಲ್ಕು ಅಡಿ ಉದ್ದದ ಪ್ಲೈವುಡ್ಡಿನದು, ನಾನೇ ಮಾಡಿದ್ದು. ಒಳಗೆ ಸ್ಪಂಜಿನ ಹಾಸಿನ ಮೇಲೆ ಒಂದು ನ್ಯಾಟ್ ಯುದ್ಧವಿಮಾನ ಮಲಗಿತ್ತು. ನಿಜವಾದದ್ದರ ಎಂಟನೇ ಒಂದು ಪಾಲಿನ ಸ್ಕೇಲ್ ಮಾಡೆಲ್. ರೆಕ್ಕೆಗಳನ್ನು ಬಿಚ್ಚಿ, ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟಿದ್ದೆ. ನೆಲದ ಮೇಲೆ ನಿಂತು ರಿಮೋಟಿನಿಂದ ಹಾರಿಸುವ ವಿಮಾನ ಇದು. ಆಟಿಕೆ ಎನ್ನುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಕಟ್ಟಲು ಎರಡು ವರ್ಷ ಎರಡು ತಿಂಗಳು ಹಿಡಿಯಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು, ಭಾನುವಾರ ರಜೆ. ಮೈಮೇಲಿನ ಒಂದೊಂದು ರಿವೆಟ್ಟಿನ ಗುರುತನ್ನೂ ಸೂಜಿಯ ಹಿಂಬದಿಯಿಂದ ಒತ್ತಿದ್ದೇನೆ. ಬೆಳ್ಳಿಬಣ್ಣದ ಮೇಲೆ ಒಂದು ಬೆರಳಚ್ಚೂ ಕಾಣಿಸುವುದಿಲ್ಲ. ಅದು ಇನ್ನೂ ಒಮ್ಮೆಯೂ ಹಾರಿರಲಿಲ್ಲ. ಭಾನುವಾರ ಕುಣಿಗಲ್‌ನಲ್ಲಿ, ಇಂಥ ವಿಮಾನಗಳವರೆಲ್ಲ ಸೇರುವ ಕೂಟದಲ್ಲಿ, ಮೊದಲ ಸಲ ಹಾರಬೇಕಿತ್ತು.

“ಎರಡ್ ವರ್ಷದಿಂದ ಅದ್ಕೆ ದಿನಾ ಮೈ ಒರ್ಸಿದೀರಿ. ನನ್ ಮಂಡಿಗೆ ಒಂದಿನಾನಾದ್ರೂ ಎಣ್ಣೆ ತಿಕ್ಕಿದೀರಾ?” ಎಂದು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ನಾಳೆ ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬರುತ್ತೇನೆ ಎಂದಷ್ಟೇ ಹೇಳಿದೆ.

ಗುಬ್ಬಿ ಬಸ್ಸು ತುಂಬಿತ್ತು. ಪೆಟ್ಟಿಗೆಯನ್ನು ಚಾಲಕನ ಹಿಂದಿನ ಜಾಗದಲ್ಲಿ ನಿಲ್ಲಿಸಿ, ನಾನೂ ಅದರ ಪಕ್ಕ ನಿಂತೆ. ಕಂಡಕ್ಟರ್ ಬಂದು ಪೆಟ್ಟಿಗೆಗೆ ಲಗೇಜ್ ಟಿಕೆಟ್ ಹರಿದ.

“ಏನ್ ಯಜಮಾನ್ರೇ, ಹಾರ್ಮೋನಿಯಮ್ಮಾ? ಗುಬ್ಬೀಲಿ ನಾಟ್ಕ ಐತಾ?”

“ವಿಮಾನ,” ಎಂದೆ.

“ಹಂಗಾದ್ರೆ ನೀವ್ ಯಾಕ್ ಬಸ್ಸಲ್ಲಿ ಬಂದ್ರಿ?” ಎಂದ. ಸುತ್ತ ನಿಂತಿದ್ದ ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು. ಆ ಬೆಳಿಗ್ಗೆ ನಾನು ಸಂತೋಷವಾಗಿದ್ದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಇಪ್ಪತ್ತು ಕಿಲೋಮೀಟರ್ ದಾರಿ, ಮುಕ್ಕಾಲು ಗಂಟೆ.

ಗುಬ್ಬಿಗೆ ಹೋದದ್ದು ರುದ್ರಮೂರ್ತಿಯವರಿಗಾಗಿ. ಅವರದು ಅಲ್ಲಿ ಹಾರ್ಡ್‌ವೇರ್ ಅಂಗಡಿ. ಐವತ್ತರ ಆಸುಪಾಸಿನ ಮನುಷ್ಯ, ಹಣೆ ತುಂಬ ವಿಭೂತಿ, ಸಣ್ಣ ದನಿ. ಒಂಬತ್ತು ವರ್ಷದಿಂದ ನಾನು ಕಟ್ಟಿದ ವಿಮಾನಗಳನ್ನು ಹಾರಿಸುತ್ತಾ ಬಂದವರು ಅವರೇ. ನಾನು ಹಾರಿಸುವವನಲ್ಲ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ. ಸಾರ್ಜೆಂಟ್ ಆಗಿ ಹೊರಬಂದೆ. ವಿಮಾನದ ಮೈ ನೋಡುವುದು, ತಿದ್ದುವುದು, ಸಹಿ ಹಾಕಿ ಪೈಲಟ್ಟಿನ ಕೈಗೆ ಒಪ್ಪಿಸುವುದು ನಮ್ಮ ಕೆಲಸ. ಒಪ್ಪಿಸಿದ ಮೇಲೆ ಆಕಾಶ ನೋಡುತ್ತಾ ನಿಲ್ಲುವುದು. ರುದ್ರಮೂರ್ತಿಯವರ ಬೆರಳುಗಳು ಸಿಕ್ಕಮೇಲೆ ನನಗೆ ಆ ಜೀವನ ಮರಳಿ ಸಿಕ್ಕಿತ್ತು.

ವಾಯುಪಡೆಯ ಒಂದು ಪದ್ಧತಿಯನ್ನು ನಾನು ಬಿಟ್ಟಿರಲಿಲ್ಲ. ಉದ್ದನೆಯ ಒಂದು ರಿಜಿಸ್ಟರು. ಅದರಲ್ಲಿ ಕೆಲಸ ಮಾಡಿದವನ ಸಹಿಗೆ ಒಂದು ಕಾಲಂ, ಪರಿಶೀಲಿಸಿದವನ ಸಹಿಗೆ ಇನ್ನೊಂದು, ಷರಾ ಬರೆಯಲು ಮೂರನೆಯದು. ಸಹಿ ಬೀಳದೆ ವಿಮಾನ ನೆಲ ಬಿಡುವಂತಿಲ್ಲ. ಮೊದಲು ರುದ್ರಮೂರ್ತಿ ಇದನ್ನು ತಮಾಷೆಯೆಂದುಕೊಂಡಿದ್ದರು. ಆಮೇಲೆ ಅವರಿಗೇ ಅಭ್ಯಾಸವಾಯಿತು. ನನ್ನ ಸಹಿ ಕಾಣದೆ ರಿಮೋಟ್ ಮುಟ್ಟುತ್ತಿರಲಿಲ್ಲ.

ಅಂಗಡಿ ಮುಂದೆ ಇಳಿದಾಗ ಅವರು ಎಂದಿನಂತೆ “ಬನ್ನಿ ಸಾರ್ಜೆಂಟ್ರೇ” ಎಂದರು. ಪೆಟ್ಟಿಗೆಯ ಒಂದು ತುದಿ ಹಿಡಿದು ಒಳಗೆ ಇಡಿಸಿದರು. ಆದರೆ ಮುಚ್ಚಳ ತೆಗೆಯಿರಿ ಎನ್ನಲಿಲ್ಲ. ಕಾಫಿ ತರಿಸಿದರು. ಮೊಳೆಯ ತೂಕ ಹಾಕಿದರು. ಯಾರಿಗೋ ಪೈಪಿನ ಅಳತೆ ಹೇಳಿದರು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮುಖ ನೋಡದೆ ಮಾತಾಡಿದರು.

“ಒಬ್ರನ್ನ ತೋರಿಸ್ತೀನಿ, ಬನ್ನಿ. ಹತ್ರಾನೇ.”

ಹತ್ತಿರವೇ. ತುಮಕೂರು ರಸ್ತೆಯ ಪಕ್ಕ, ಲಾರಿ ಬಾಡಿಗಳಿಗೆ ಬಣ್ಣ ಬಳಿಯುವ ಒಂದು ಶೆಡ್ಡು. ಒಂದು ಲಾರಿಯ ಹಿಂಬಾಗಿಲ ಮೇಲೆ ಅರ್ಧ ಮುಗಿದ ನವಿಲು ಇತ್ತು. ಅದರ ಕೆಳಗಿನಿಂದ ನಲವತ್ತೈದರ ಒಬ್ಬ ಮನುಷ್ಯ ಎದ್ದು, ಕೈಯನ್ನು ಲುಂಗಿಗೆ ಒರೆಸಿಕೊಂಡು ಸಲಾಂ ಮಾಡಿದ. ಹೆಸರು ಬಷೀರ್.

“ಬನ್ನಿ ಸಾರ್, ಬನ್ನಿ. ನಿಮ್ ಬಗ್ಗೆ ಮೂರ್ತಿಯಣ್ಣ ಹೇಳ್ದಷ್ಟು ನಮ್ ದರ್ಗಾದ ಪೀರಜ್ಜನ ಬಗ್ಗೇನೂ ಯಾರೂ ಹೇಳಿಲ್ಲ.”

ಮೂರ್ತಿಯಣ್ಣ ಎಂದ. ನಾನು ಒಂಬತ್ತು ವರ್ಷದಿಂದ ‘ರುದ್ರಮೂರ್ತಿಯವರೇ’ ಎನ್ನುತ್ತಿದ್ದೇನೆ.

ಅವನು ಒಂದು ಹಳೆಯ ಸೀರೆಯನ್ನು ಸರಿಸಿದ. ಮೇಜಿನ ಮೇಲೆ ಇನ್ನೊಂದು ನ್ಯಾಟ್ ನಿಂತಿತ್ತು.

ನಾನು ಏನು ನೋಡಿದೆ ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಮೊದಲು ತಪ್ಪುಗಳನ್ನು ನೋಡಿದೆ. ಮೈ ಫ್ರಿಜ್ಜಿನ ಪ್ಯಾಕಿಂಗ್ ಥರ್ಮೋಕೋಲಿನದು, ಮೇಲೆ ಫೈಬರ್ ಬಟ್ಟೆ. ರಿವೆಟ್ಟುಗಳು ಒಂದೂ ಇಲ್ಲ. ಮೂಗು ಕಾಲಿಂಚು ಗಿಡ್ಡ. ಇಷ್ಟು ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಆಗ ಅದು ವಿಮಾನವಾಯಿತು. ಬೆಳ್ಳಿಬಣ್ಣ ಬಿಸಿಲಿಗೆ ಮಾಸಿದ ಹಾಗೆ ಅಲ್ಲಲ್ಲಿ ಮಂಕು. ಪೈಲಟ್ ಕಾಲಿಡುವ ಜಾಗದಲ್ಲಿ ಬಣ್ಣ ಸವೆದಿತ್ತು. ಗನ್ನುಗಳ ಬಾಯಿಂದ ಹಿಂದಕ್ಕೆ ಮಸಿ ಹರಡಿತ್ತು. ಈಗ ತಾನೇ ಇಳಿದು, ಇಂಜಿನ್ ಇನ್ನೂ ಬಿಸಿಯಿದ್ದು, ಯಾರಾದರೂ ಬಂದು ಏಣಿ ಹಾಕಲಿ ಎಂದು ಕಾಯುತ್ತಿರುವ ವಿಮಾನ. ನಾನು ಎಷ್ಟು ಬಾರಿ ಆ ಏಣಿ ಹಿಡಿದು ಓಡಿದ್ದೇನೆ!

“ಮಸಿ ಯಾವುದು?” ಎಂದು ಕೇಳಿದೆ.

“ಲಾರಿ ಸೈಲೆನ್ಸರ್‌ದು ಸಾರ್. ಮಾಸಿರೋದು ಟೀ ಡಿಕಾಕ್ಷನ್ನು. ಆ ಎಣ್ಣೆ ಕಲೆ ಒಂದೇ ತುಂಬಾ ಆಟ ಆಡಿಸ್ತು. ವಾರ್ನಿಷ್‌ಗೆ ಹಳೇ ಗೇರ್ ಆಯ್ಲು ಸೇರ್ಸಿ, ಮೂರ್ ದಿನ ಬಳಿದೆ.”

ಬಲಗಡೆ, ಚಕ್ರ ಮಡಚಿಕೊಳ್ಳುವ ಗೂಡಿನ ಅಂಚಿನಿಂದ ಬಾಲದ ಕಡೆಗೆ, ಗಾಳಿ ಎಳೆದ ಹಾಗೆ ಸಣ್ಣಗಾಗುತ್ತಾ ಹೋದ ಕಂದುಗೆಂಪು ಗೆರೆ. ಚಕ್ರ ಮಡಚಿಸುವ ಹೈಡ್ರಾಲಿಕ್ ಎಣ್ಣೆ. ಅದನ್ನು ನೋಡಿದಾಗ ನನ್ನ ಮೂಗಿಗೆ ವಾಸನೆಯೇ ಬಂದಂತಾಯಿತು. ಇದನ್ನು ನೋಡದವನು ಬರೆಯಲಾರ. ಬಷೀರ್ ನಿಜವಾದ ನ್ಯಾಟನ್ನು ಒಮ್ಮೆಯೂ ಕಂಡವನಲ್ಲ.

ಗುಟ್ಟು ಕೂಡಲೇ ಬಯಲಾಯಿತು. ಗೋಡೆಯ ಮೇಲೆ ಒಂದು ಫೋಟೊದ ದೊಡ್ಡ ಪ್ರತಿ ಅಂಟಿಸಿತ್ತು: ನಮ್ಮ ನೆಲೆಯಲ್ಲಿ ತೆಗೆದ ಗುಂಪು ಫೋಟೊ. ಮುಂದೆ ನಾವು ಹನ್ನೊಂದು ಜನ, ಹಿಂದೆ ವಿಮಾನ. ನನ್ನ ಭುಜದ ಮೇಲುಗಡೆ ಆ ಗೆರೆ. ಆ ಫೋಟೊವನ್ನು ರುದ್ರಮೂರ್ತಿಯವರಿಗೆ ಕೊಟ್ಟವನು ನಾನೇ. ಆ ಗೆರೆಯನ್ನು ದಿನವೂ ಒರೆಸುತ್ತಿದ್ದವನೂ ನಾನೇ. ಫೋಟೊದ ದಿನ ಮಾತ್ರ ಒರೆಸುವ ಮುಂಚೆ ಕ್ಯಾಮೆರಾದವನು ಬಂದಿದ್ದ. ಇಪ್ಪತ್ತು ವರ್ಷ ನಾನು ಅಳಿಸಿದ್ದನ್ನು ಈ ಮನುಷ್ಯ ಮೂರು ದಿನ ಕೂತು ಬರೆದಿದ್ದ. ನನ್ನ ಪೆಟ್ಟಿಗೆಯೊಳಗಿನ ವಿಮಾನ ನೆನಪಾಯಿತು. ಅದು ಶೋಕೇಸಿನ ಚಮಚದಂತೆ ಕಣ್ಣಿಗೆ ಬಂತು.

ರುದ್ರಮೂರ್ತಿ ಆಗ ಮಾತು ತೆಗೆದರು.

“ಸಾರ್ಜೆಂಟ್ರೇ, ನಾಳೆ ಕುಣಿಗಲ್ಲಲ್ಲಿ ಒಬ್ಬೊಬ್ರು ಪೈಲಟ್‌ಗೆ ಒಂದೇ ಸಲ. ಎಂಟ್ ನಿಮ್ಷ. ನಾನು ಬಷೀರಂದು ಹಾರಿಸ್ತೀನಿ ಅಂತ ಬರೆಸ್ಬಿಟ್ಟಿದೀನಿ.”

“ನನ್ನದು?”

“ನಿಮ್ದು ಮುಂದಿನ್ ತಿಂಗ್ಳು ನಿಧಾನಕ್ಕೆ...”

ಕಾರಣ ಕೇಳಿದೆ. ಅವರು ನವಿಲಿನ ಕಡೆ ತಿರುಗಿಕೊಂಡು ಹೇಳಿದರು.

“ನಿಮ್ ವಿಮಾನ ಇಳಿಸ್ಬೇಕಾದ್ರೆ ಹಿಂದ್ಗಡೆ ನೀವು ಉಸಿರು ಬಿಗಿ ಹಿಡಿಯೋದು ನನ್ಗೆ ಕೇಳ್ಸುತ್ತೆ. ಒಂಬತ್ ವರ್ಷದಿಂದ ಕೇಳ್ತಿದೀನಿ. ಒಂದ್ ಗೀರು ಬಿದ್ರೆ ಎರಡ್ ದಿನ ಫೋನ್ ಎತ್ತಲ್ಲ ನೀವು. ಕೈ ಕಟ್ಟಾಕ್ದಂಗೆ ಆಗುತ್ತೆ. ಇದು ನೋಡಿ, ಮೊದ್ಲೇ ಕೊಳೆಯಾಗಿದೆ. ಇದ್ರ ಜೊತೆ ನಾನು ಆಟ ಆಡ್ಬೋದು.”

ಬಷೀರ್ ತಲೆ ತಗ್ಗಿಸಿ ಬ್ರಷ್ ತೊಳೆಯತೊಡಗಿದ. ವಿಮಾನವನ್ನು ಮುಂದಕ್ಕೆ ತಳ್ಳುವ, ಅದರೊಳಗಿನ ಫ್ಯಾನು ಯಾವುದೆಂದು ಕೇಳಿದೆ. ನಮ್ಮ ಹಿಂದಿನ ವಿಮಾನದ್ದಂತೆ, ರುದ್ರಮೂರ್ತಿ ಕೊಟ್ಟಿದ್ದರು. ಒಳ್ಳೆಯದು ಎಂದೆ.

ವಾಪಸು ತುಮಕೂರಿಗೆ ಹೊರಡಬಹುದಿತ್ತು. ಆದರೆ ಹಾಕಿಕೊಂಡ ಕಾರ್ಯಕ್ರಮವನ್ನು ನಾನು ಮಧ್ಯದಲ್ಲಿ ಬಿಡುವುದಿಲ್ಲ. ಮೇಲಾಗಿ, ಬಷೀರನ ವಿಮಾನ ಬೀಳುವುದನ್ನು ನೋಡುವ ಆಸೆಯೂ ಇತ್ತು. ಮಧ್ಯಾಹ್ನ ರುದ್ರಮೂರ್ತಿಯವರ ಮನೆಯಲ್ಲಿ ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಸಾರು ಬಹಳ ಚೆನ್ನಾಗಿತ್ತು. ಒಂದೇ ಮುದ್ದೆ ಸಾಕೆಂದೆ. ಅವರ ಮನೆಯಾಕೆ “ಏನ್ ಸಾರ್, ಹುಷಾರಿಲ್ವಾ?” ಎಂದು ಎರಡು ಬಾರಿ ಕೇಳಿದರು. ಸಂಜೆ ಒಬ್ಬನೇ ಊರ ಕೆರೆ ಏರಿಯ ಕಡೆ ಐದು ಸಾವಿರ ಹೆಜ್ಜೆ ನಡೆದು ಬಂದೆ. ಒಂಬತ್ತಕ್ಕೆ ಮಲಗಿದೆ.

ಭಾನುವಾರ ಐದಕ್ಕೆ ರುದ್ರಮೂರ್ತಿಯವರ ಓಮ್ನಿ ವ್ಯಾನಿನಲ್ಲಿ ಹೊರಟೆವು. ಹಿಂದೆ ಎರಡು ವಿಮಾನ: ನನ್ನದು ಪೆಟ್ಟಿಗೆಯಲ್ಲಿ, ಬಷೀರನದು ಹಳೆಯ ಸೀರೆಯಲ್ಲಿ. “ತಂದಿರ್ಲಿ ಸಾರ್, ಯಾರಿಗ್ಗೊತ್ತು,” ಎಂದು ನನ್ನ ಪೆಟ್ಟಿಗೆಯನ್ನು ಎತ್ತಿ ಇಟ್ಟವನು ಬಷೀರನೇ. ಮುಂದಿನ ಸೀಟಿನಲ್ಲಿ ಸದಾ ನಾನು ಕೂರುವುದು. ಅಂದೂ ನನ್ನನ್ನೇ ಕೂರಿಸಿದರು. ಆದರೆ ಮಾತೆಲ್ಲ ಕನ್ನಡಿಯ ಮೂಲಕ ಹಿಂದಿನ ಸೀಟಿನೊಂದಿಗೆ ನಡೆಯಿತು. ಒಳರಸ್ತೆ, ಮಂಜು, ಒಂದೂವರೆ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಕುಣಿಗಲ್ ದೊಡ್ಡಕೆರೆಯ ಮೇಲೆ ಬೆಳಕು ಆಗತಾನೇ ಬೀಳುತ್ತಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದೆವು. ಬಷೀರ್ ವಡೆಯನ್ನು ಮುರಿದು ಅರ್ಧ ರುದ್ರಮೂರ್ತಿಯವರ ತಟ್ಟೆಗೆ ಹಾಕಿದ. ಅವರು ಅದನ್ನೂ ತಿಂದರು. ಅಷ್ಟು ಸಲಿಗೆ!

ಹಾರಾಟದ ಜಾಗ ಹುಲಿಯೂರುದುರ್ಗದ ರಸ್ತೆಯಲ್ಲಿ, ಪಟ್ಟಣದಿಂದ ನಾಲ್ಕು ಕಿಲೋಮೀಟರು. ಹೊಸ ಲೇಔಟು. ಟಾರು ರಸ್ತೆ, ಚರಂಡಿ, ಸೈಟ್ ನಂಬರಿನ ಕಲ್ಲುಗಳು ಎಲ್ಲ ಇವೆ. ಮನೆ ಒಂದೂ ಇಲ್ಲ. ನಡುವಿನ ನಲವತ್ತಡಿ ರಸ್ತೆಯೇ ರನ್‌ವೇ. ಮಾಲೀಕರ ಒಪ್ಪಿಗೆ ಪಡೆದು, ಠಾಣೆಗೂ ತಿಳಿಸಿದ್ದರು. ಬೆಂಗಳೂರು, ಹಾಸನ, ಮೈಸೂರಿನಿಂದ ಹದಿನೈದು ಪೈಲಟ್ಟುಗಳು ಬಂದಿದ್ದರು. ಬೆಂಗಳೂರಿನ ಒಬ್ಬ ಡಾಕ್ಟರು ಪಟ್ಟಿ ಹಿಡಿದು ಎಲ್ಲವನ್ನೂ ನಡೆಸುತ್ತಿದ್ದರು. ಹತ್ತು ಗಂಟೆಯ ಮೇಲೆ ಗಾಳಿ ಏಳುತ್ತದೆ. ಅಷ್ಟರೊಳಗೆ ಎಲ್ಲವೂ ಮುಗಿಯಬೇಕು.

ಬಷೀರನ ವಿಮಾನವನ್ನು ಇಳಿಸಿದ ಕೂಡಲೇ ಜನ ಸೇರಿತು. ಮೊಬೈಲುಗಳು ಮೇಲೆದ್ದವು. ಎರಡು ಲಕ್ಷದ ವಿಮಾನ ತಂದವರೂ ಮಂಡಿಯೂರಿ ಕುಳಿತು ಆ ಕಲೆಯನ್ನು ನೋಡಿದರು. “ಯಾವ್ ಏರ್‌ಬ್ರಷ್ ಬಾಸ್?” ಎಂದು ಒಬ್ಬ ಕೇಳಿದ. “ಲಾರಿ ಬ್ರಷ್ಷೇ ಬಾಸ್,” ಎಂದ ಬಷೀರ್. ನಾನು ಸ್ವಲ್ಪ ದೂರದಲ್ಲಿ ನನ್ನ ಪೆಟ್ಟಿಗೆ ತೆರೆದು ರೆಕ್ಕೆಗಳನ್ನು ಜೋಡಿಸಿದೆ. ಹಾರದಿದ್ದರೂ ನಾಲ್ಕು ಜನ ನೋಡಲಿ ಎಂದು. ಒಬ್ಬರು ಬಂದು “ನೀಟಾಗಿದೆ ಅಂಕಲ್” ಎಂದು ಹೇಳಿ ಆ ಕಡೆ ಹೋದರು. ರೆಕ್ಕೆಯ ತಂತಿಗಳನ್ನು ಸಿಕ್ಕಿಸುವಾಗಲೂ ನನ್ನ ಕಣ್ಣು ಆ ಗುಂಪಿನ ಮೇಲೆಯೇ ಇತ್ತು. ರಿಜಿಸ್ಟರಿನಲ್ಲಿ ನನ್ನ ವಿಮಾನದ ಸಾಲು ತುಂಬಿಸಿ, ಎರಡೂ ಕಾಲಮ್ಮಿಗೆ ಸಹಿ ಹಾಕಿದೆ.

ಒಂಬತ್ತಕ್ಕೆ ಡಾಕ್ಟರು ರುದ್ರಮೂರ್ತಿಯವರ ಹೆಸರು ಕರೆದರು. ಅವರು ನೇರ ನನ್ನ ಬಳಿ ಬಂದರು.

“ಸಾರ್ಜೆಂಟ್ರೇ, ನೋಡಿ ಸಹಿ ಹಾಕ್ಬಿಡಿ.”

“ಬಷೀರನ ವಿಮಾನಕ್ಕೆ ನನ್ನ ಸಹಿ ಯಾಕೆ?”

“ನಿಮ್ ಸಹಿ ಇಲ್ದೆ ನಾನ್ ಯಾವತ್ತಾದ್ರೂ ಹಾರ್ಸಿದೀನಾ?”

ನನಗೆ ಆಗಲೇ ಗೊತ್ತಾದದ್ದು, ಆ ವಿಮಾನ ಹಾರುವುದು ಬಿಡುವುದು ನನ್ನ ಕೈಯಲ್ಲಿದೆ ಎಂದು. ಕನ್ನಡಕ ಬದಲಿಸಿಕೊಂಡು ಹೋದೆ. ಕ್ರಮ ಪ್ರಕಾರ ಮೂಗಿನಿಂದ ಬಾಲದವರೆಗೆ ನೋಡಿದೆ. ರೆಕ್ಕೆ ಗಟ್ಟಿ. ಬ್ಯಾಟರಿ ಗಟ್ಟಿ. ರೆಕ್ಕೆಯ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳು ಸರಿ ದಿಕ್ಕಿಗೆ ಆಡಿದವು. ತಪ್ಪು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಬಲಗಡೆ ಬಂದು ಆ ಗೆರೆಯ ಮುಂದೆ ನಿಂತೆ. ರಿಜಿಸ್ಟರು ತೆರೆದು, ಷರಾ ಕಾಲಮ್ಮಿನಲ್ಲಿ ಬರೆದೆ: ‘ಹೈಡ್ರಾಲಿಕ್ ಸೋರಿಕೆ. ಹಾರಾಟಕ್ಕೆ ಯೋಗ್ಯವಲ್ಲ.’

ರುದ್ರಮೂರ್ತಿ ಓದಿ ನನ್ನ ಮುಖ ನೋಡಿದರು. “ಸಾರ್ಜೆಂಟ್ರೇ, ಅದು ಬಣ್ಣ.”

“ಸೋರಿಕೆ ತೋರಿಸುವ ವಿಮಾನವನ್ನು ನಾನು ಬಿಡುವುದಿಲ್ಲ. ಒಳಗೆ ಎಣ್ಣೆ ಇದೆಯೋ ಇಲ್ಲವೋ ಬೇರೆ ಮಾತು. ಸ್ಕೇಲ್ ಮಾಡೆಲ್ ಅಂದ ಮೇಲೆ ನಿಯಮವೂ ಸ್ಕೇಲಿಗೆ ಇರಬೇಕು.”

ಸುತ್ತಲಿದ್ದವರು ನಕ್ಕರು. ಒಬ್ಬ “ಅಂಕಲ್ ಸೂಪರ್” ಎಂದ. ನಾನು ನಗಲಿಲ್ಲ. ರುದ್ರಮೂರ್ತಿಯೂ ನಗಲಿಲ್ಲ. ಅವರು ರಿಮೋಟನ್ನು ಕುತ್ತಿಗೆಯಿಂದ ತೆಗೆದು ವ್ಯಾನಿನ ಮೇಲೆ ಇಟ್ಟರು. ಡಾಕ್ಟರು ಗಡಿಯಾರ ನೋಡಿ, “ಸಾರ್, ಒಂದೈದ್ ನಿಮಿಷ ಕಾಯ್ತೀನಿ, ಆಮೇಲೆ ಮುಂದಿನವರು,” ಎಂದರು.

ಬಷೀರ್ ಜಗಳ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ವಿಮಾನದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, “ಕಲೆ ಇರೋದು ತಪ್ಪಾ ಸಾರ್?” ಎಂದು ಕೇಳಿದ.

“ಹೌದು.”

“ಸರಿ ಬಿಡಿ. ನಿಮ್ಗೆ ಗೊತ್ತಿರುತ್ತೆ.”

ಬ್ಯಾಗಿನಿಂದ ಥಿನ್ನರ್ ಬಾಟಲಿ, ಹತ್ತಿ ತೆಗೆದ. ಚಕ್ರದ ಗೂಡಿನ ಅಂಚಿನಿಂದ ಶುರುಮಾಡಿ ಬಾಲದ ಕಡೆಗೆ, ಒಂದೇ ದಿಕ್ಕಿನಲ್ಲಿ, ಅಂಚಿನ ಬೆಳ್ಳಿ ಕೆಡದಂತೆ ಒರೆಸಿದ. ನಾವೂ ಹಾಗೆಯೇ ಒರೆಸುತ್ತಿದ್ದೆವು. ಹಿಂದೆ ಮುಂದೆ ಉಜ್ಜಿದರೆ ಹರಡುತ್ತದೆ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮೂರು ದಿನದ ಕೆಲಸ ಮೂರು ನಿಮಿಷದಲ್ಲಿ ಹೋಯಿತು. ಹತ್ತಿ ಕಂದಾಯಿತು. ಸುತ್ತಲಿನವರು ಈಗ ನಗುತ್ತಿರಲಿಲ್ಲ. ಒಬ್ಬ ಮಾತ್ರ “ಅಯ್ಯೋ” ಎಂದ.

ನಾನು ಸಹಿ ಹಾಕಿದೆ.

ವಿಮಾನ ಎದ್ದಿತು. ಅದನ್ನು ವರ್ಣಿಸಲು ನನಗೆ ಮನಸ್ಸಿಲ್ಲ, ಆದರೆ ಪ್ರವಾಸ ಬರೆಯುವವನು ಕಂಡದ್ದನ್ನು ಬಿಡಬಾರದು. ರುದ್ರಮೂರ್ತಿ ಅಷ್ಟು ಚೆನ್ನಾಗಿ ಹಾರಿಸಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಸೈಟ್ ಕಲ್ಲುಗಳ ಮೇಲೆ ಆಳೆತ್ತರದಲ್ಲಿ ತಂದರು. ನೆಟ್ಟಗೆ ಮೇಲಕ್ಕೆ ಎಳೆದು, ಬಿಸಿಲಿನಲ್ಲಿ ಹೊಟ್ಟೆ ಮೇಲಾಗಿ ಮಗುಚಿ, ಕೆರೆಯ ಕಡೆಯಿಂದ ಸುತ್ತಿಸಿ ತಂದರು. ಅವರು ಬಾಯಿ ತೆರೆದು ನಗುತ್ತಿದ್ದರು. ನನ್ನ ವಿಮಾನ ಹಾರಿಸುವಾಗ ಅವರ ತುಟಿ ಬಿಗಿದಿರುತ್ತದೆ. ಅದು ಏಕಾಗ್ರತೆ ಎಂದು ತಿಳಿದಿದ್ದೆ. ಇಳಿಯುವಾಗ ಎಡ ಚಕ್ರ ಜಾರಿ ರೆಕ್ಕೆಯ ತುದಿ ಟಾರಿಗೆ ಉಜ್ಜಿತು. ನಾನು ಉಸಿರು ಹಿಡಿದೆ. ಬಷೀರ್ ಶಿಳ್ಳೆ ಹಾಕಿದ. “ಇನ್ನೂ ಚೆನ್ನಾಗಾಯ್ತು ಕಣಣ್ಣೋ! ಇನ್ಮೇಲೆ ನಾನು ಬಳಿಯಂಗೇ ಇಲ್ಲ!”

ಒಂಬತ್ತೂ ಮುಕ್ಕಾಲಿಗೆ ಡಾಕ್ಟರು ಬಂದು, ಹಾಸನದವರೊಬ್ಬರ ಬ್ಯಾಟರಿ ಕೆಟ್ಟಿದೆ, ಒಂದು ಸರದಿ ಖಾಲಿ ಇದೆ ಎಂದರು. ರುದ್ರಮೂರ್ತಿ ನನ್ನ ವಿಮಾನದ ಕಡೆ ನೋಡಿದರು.

“ಬೇಗ ತನ್ನಿ ಸಾರ್ಜೆಂಟ್ರೇ. ಗಾಳಿ ಏಳೋದ್ರೊಳಗೆ ಹಾರ್ಸಣ.”

ಎರಡು ವರ್ಷ ಎರಡು ತಿಂಗಳು. ಇಬ್ಬರೂ ಹಿಡಿದು ರಸ್ತೆಯ ತುದಿಗೆ ತಂದೆವು. ರಿಜಿಸ್ಟರು ತೋರಿಸಿದೆ, ಸಹಿ ಆಗಲೇ ಆಗಿದೆ ಎಂದೆ. ಬಷೀರ್ ಅದನ್ನು ಇಣುಕಿ ನೋಡಿದ.

“ನಂದು ನೀವ್ ನೋಡಿದ್ರಿ ಸಾರ್. ನಿಮ್ದು ಯಾರ್ ನೋಡಿದ್ರು? ಎರಡೂ ಕಡೆ ಒಂದೇ ಸಹಿ ಅದೆ.”

ಸುಮ್ಮನೆ ಕೇಳಿದ. ಕುಟುಕಲು ಕೇಳಿದ್ದಲ್ಲ. ಕೆಲಸ ಮಾಡಿದವನೇ ಪರಿಶೀಲಿಸಿ ಸಹಿ ಹಾಕುವುದು ವಾಯುಪಡೆಯಲ್ಲಿ ದೊಡ್ಡ ಅಪರಾಧ. ಒಂಬತ್ತು ವರ್ಷದಿಂದ ಎರಡೂ ಕಡೆ ನಾನೇ ಹಾಕುತ್ತಿದ್ದೆ. ರುದ್ರಮೂರ್ತಿ, “ನೀನೇ ನೋಡ್ಬುಡೋ ಹಂಗಾದ್ರೆ,” ಎಂದರು. ಬೇಡ ಎನ್ನಲು ನನ್ನ ಬಳಿ ನಿಯಮ ಇರಲಿಲ್ಲ.

ಬಷೀರನಿಗೆ ವಿಮಾನದ ವಿದ್ಯೆ ತಿಳಿಯದು. ಅವನು ಬಣ್ಣ ನೋಡಿದ. ರಿವೆಟ್ಟುಗಳ ಮೇಲೆ ಮುಟ್ಟದೆ ಬೆರಳಾಡಿಸಿ, “ಯಪ್ಪಾ!” ಎಂದ. ರೆಕ್ಕೆಯ ಬುಡದ ಸಣ್ಣ ಮುಚ್ಚಳ ತೆಗೆಸಿ ಒಳಗೆ ಕಣ್ಣಿಟ್ಟ. ವಿಮಾನದ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬ ವಾಡಿಕೆಯಂತೆ ನಾನು ರೆಕ್ಕೆಯ ತಂತಿಗಳಿಗೂ ಅವು ಕೂರುವ ಗೂಡುಗಳಿಗೂ ಬಣ್ಣದ ಟೇಪು ಸುತ್ತಿದ್ದೆ.

“ಸಾರ್, ಇಲ್ಲಿ ಕೆಂಪು ಹೋಗಿ ಹಸಿರಲ್ಲಿ ಕೂತದೆ. ಹಸಿರು ಕೆಂಪಲ್ಲಿ. ಬೇಕಂತ್ಲೇ ಹಂಗ್ ಮಾಡಿದೀರಾ?”

ರುದ್ರಮೂರ್ತಿ ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದರು. ಬಲರೆಕ್ಕೆಯ ಪಟ್ಟಿ ಮೇಲೇಳಬೇಕು, ಕೆಳಗೆ ಬಗ್ಗಿತು. ಎಡಕ್ಕೆ ತಳ್ಳಿದರು. ಅಲ್ಲೂ ತಿರುಗುಮುರುಗು. ಹೀಗೆ ಎದ್ದಿದ್ದರೆ ನೆಲ ಬಿಟ್ಟ ಮೂರು ಸೆಕೆಂಡಿನಲ್ಲಿ ಅದು ಚರಂಡಿಯಲ್ಲಿರುತ್ತಿತ್ತು. ಗುಂಪನ್ನು ನೋಡುತ್ತಾ ಸಿಕ್ಕಿಸಿದ್ದೆ. ಆಡಿಸಿ ನೋಡದೆಯೇ ‘ನೋಡಲಾಗಿದೆ’ ಎಂದು ಬರೆದಿದ್ದೆ.

“ಒಂದ್ ನಿಮ್ಷದ್ ಕೆಲ್ಸ, ಬದಲಾಯ್ಸಿ ಹಾರ್ಸಣ,” ಎಂದರು ರುದ್ರಮೂರ್ತಿ.

ಆಗುವುದಿಲ್ಲ ಎಂದೆ. ನಿಯಂತ್ರಣದಲ್ಲಿ ತಪ್ಪು ಸಿಕ್ಕ ವಿಮಾನವನ್ನು ಮೊದಲಿನಿಂದ ಪೂರ್ತಿ ನೋಡದೆ ಬಿಡುವಂತಿಲ್ಲ. ಅದಕ್ಕೆ ಎರಡು ಗಂಟೆ ಬೇಕು. ಈ ಸಲ ಇದು ನಿಜವಾದ ನಿಯಮವೇ ಆಗಿತ್ತು. ಡಾಕ್ಟರು ಕಾದು, ಮುಂದಿನವರನ್ನು ಕರೆದರು. ಹತ್ತು ಗಂಟೆಗೆ ಹೇಳಿ ಕಳಿಸಿದ ಹಾಗೆ ಗಾಳಿ ಎದ್ದಿತು.

ವಿಮಾನವನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಮಲಗಿಸುವಾಗ ಬಷೀರ್ ಒಂದು ತುದಿ ಹಿಡಿದುಕೊಂಡ. “ಸಾರ್, ಒಂದ್ ಮಾತು. ಮತ್ತೆ ಬಳಿಯೋವಾಗ ಗೊತ್ತಿರ್ಲಿ ಅಂತ. ಫೋಟೋದಲ್ಲಿ ಕಲೆ ಇತ್ತಲ್ಲ, ಆ ವಿಮಾನನ ಅವತ್ತು ಬಿಟ್ಟಿರ್ಲಿಲ್ವಾ?”

ಸುಳ್ಳು ಹೇಳಬಹುದಿತ್ತು. ಅಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

“ಬಿಟ್ಟಿದ್ದೆವು. ನಾನೇ ಸಹಿ ಹಾಕಿದ್ದೆ. ಅಷ್ಟು ಸೋರಿಕೆಗೆ ಅವಕಾಶ ಇತ್ತು. ಇಷ್ಟು ಹೊತ್ತಿಗೆ ಇಷ್ಟು ಹನಿ ಎಂದು ಲೆಕ್ಕ. ಒರೆಸಿ, ಎಣ್ಣೆ ತುಂಬಿಸಿ, ಕಳಿಸುತ್ತಿದ್ದೆವು. ನಿನ್ನ ಕಲೆ ಆ ಮಿತಿಯೊಳಗೇ ಇತ್ತು.”

ಬಷೀರನ ಮುಖ ಇಳಿಯಿತು. ಆ ಎರಡು ದಿನ ನಾನು ಕಂಡ ಅವನ ಮುಖಗಳಲ್ಲಿ ಅದೊಂದನ್ನೇ ನಾನು ಮರೆಯಲಾರೆ. “ಒರೆಸ್ಬಿಟ್ನಲ್ಲ ಸಾರ್,” ಎಂದ, ಅಷ್ಟೇ.

ರುದ್ರಮೂರ್ತಿ ರಿಜಿಸ್ಟರನ್ನು ನನ್ನ ಮುಂದೆ ಹಿಡಿದರು. ತಪ್ಪು ಬರಹವನ್ನು ತಿದ್ದುವ ವಿಧಾನವನ್ನು ನಾನೇ ಅವರಿಗೆ ಕಲಿಸಿದ್ದೆ: ಗೀಚಿ ಮುಚ್ಚಬಾರದು, ಹಾಳೆ ಹರಿಯಬಾರದು. ಮೊದಲು ಬರೆದದ್ದು ಓದಲು ಬರುವಂತೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ನಿಜವನ್ನು ಬರೆದು, ಸಹಿ ಹಾಕಬೇಕು. ‘ಹೈಡ್ರಾಲಿಕ್ ಸೋರಿಕೆ’ಯ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ ಏನು ಬರೆಯುವುದೆಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತೆ. ಬೇರೆ ಯಾವ ಪದವೂ ಸರಿಹೋಗಲಿಲ್ಲ. ‘ಹೊಟ್ಟೆಕಿಚ್ಚು’ ಎಂದು ಬರೆದು ಸಹಿ ಹಾಕಿದೆ.

ಬಷೀರನಿಗೆ ಕನ್ನಡಕವಿಲ್ಲದೆ ಸಣ್ಣಕ್ಷರ ಕಾಣದು. ರುದ್ರಮೂರ್ತಿ ಓದಿ ಹೇಳಿದರು.

“ಅಯ್ಯೋ, ಇದನ್ಯಾಕ್ ಬರೆದ್ರಿ ಸಾರ್? ಎಲ್ರೂ ಓದ್ತಾರೆ!”

“ಓದ್ಲಿ ಬುಡು,” ಎಂದರು ರುದ್ರಮೂರ್ತಿ. ಅವರ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಹುಲಿಯೂರುದುರ್ಗದಲ್ಲಿ ಬಷೀರನ ಅಕ್ಕನ ಮನೆ. ಅವರಿಬ್ಬರೂ ಊಟಕ್ಕೆ ಅಲ್ಲಿಗೆ ಹೋಗುವವರು. ರುದ್ರಮೂರ್ತಿಯವರಿಗೆಂದು ಬೇರೆ ಪಾತ್ರೆಯಲ್ಲಿ ಅನ್ನ ಸಾರು ಮಾಡಿಸಿದ್ದರಂತೆ. “ಬನ್ನಿ ಸಾರ್, ನಿಮ್ಗೂ ಅದೇ ಆಗುತ್ತೆ,” ಎಂದು ಬಷೀರ್ ಎರಡು ಬಾರಿ ಕರೆದ. ಒಂದೂವರೆಗೆ ಮನೆಯಲ್ಲಿ ಊಟಕ್ಕೆ ಕಾಯುತ್ತಾರೆ ಎಂದೆ. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮೂರನೆಯ ಬಾರಿ ಕರೆದಿದ್ದರೆ ಬಹುಶಃ ಹೋಗುತ್ತಿದ್ದೆ.

ಅವರು ನನ್ನನ್ನು ಕುಣಿಗಲ್ ನಿಲ್ದಾಣದಲ್ಲಿ ಇಳಿಸಿ, ಪೆಟ್ಟಿಗೆಯನ್ನು ತುಮಕೂರು ಬಸ್ಸಿನೊಳಗೆ ಇಟ್ಟುಕೊಟ್ಟರು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಮೂವತ್ತಾರು ಕಿಲೋಮೀಟರ್, ಒಂದು ಗಂಟೆಯ ದಾರಿ. ಪೆಟ್ಟಿಗೆಗೆ ಈ ಕಂಡಕ್ಟರು ಟಿಕೆಟ್ ಕೇಳಲಿಲ್ಲ. ಒಳಗೆ ಏನಿದೆ ಎಂದೂ ಕೇಳಲಿಲ್ಲ.

ಬಸ್ಸು ತಿರುಗುವಾಗ ಹಿಂದೆ ನೋಡಿದೆ. ವ್ಯಾನು ಇನ್ನೂ ಅಲ್ಲೇ ನಿಂತಿತ್ತು. ಮುಂದಿನ ಸೀಟಿನಲ್ಲಿ ಈಗ ಬಷೀರ್ ಕೂತಿದ್ದ. ಅವನು ಏನೋ ಹೇಳಿದ. ರುದ್ರಮೂರ್ತಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು, ಭುಜ ಕುಣಿಸಿಕೊಂಡು ನಕ್ಕರು. ನನ್ನ ವಿಷಯಕ್ಕೇ ನಕ್ಕಿರಬಹುದು. ನನ್ನದಲ್ಲದ ಬೇರೆ ಯಾವುದೋ ವಿಷಯಕ್ಕೂ ನಕ್ಕಿರಬಹುದು. ಎರಡರಲ್ಲಿ ಯಾವುದಾಗಿದ್ದರೆ ನನಗೆ ಹೆಚ್ಚು ಬೇಸರ ಎಂದು ಹೆಬ್ಬೂರು ದಾಟುವವರೆಗೂ ಯೋಚಿಸಿದೆ.